ಹೊಸ ಪ್ರೊಸೆಸರ್ ಮತ್ತು ಮೇಷ್ಟ್ರ ಜೇಬು

ನಮ್ಮ ಮನೆಗೆ ಬಂದ ಯಾವ ಹೊಸ ವಸ್ತುವೂ ದೇವರ ಮುಂದೆ ಕೂರದೆ ಕೆಲಸ ಆರಂಭಿಸಿದ್ದಿಲ್ಲ. ಉಡುಪಿ ಕಡೆಯಿಂದ ಕೊಲ್ಕತ್ತಕ್ಕೆ ಸಂಸಾರ ಸಾಗಿಸಿದಾಗ ಪಾತ್ರೆಗಳ ಜೊತೆ ಬಂದ ಪದ್ಧತಿ ಇದು. ಮಿಕ್ಸಿ, ಫ್ರಿಜ್, ಬ್ಯಾಂಕಿನವರು ನಮ್ಮ ಯಜಮಾನರಿಗೆ ಕೊಟ್ಟ ಲ್ಯಾಪ್‌ಟಾಪ್, ಎಲ್ಲವೂ ಗಂಧ ಕುಂಕುಮ ಹಚ್ಚಿಸಿಕೊಂಡು, ತಲೆಗೊಂದು ಹೂವು ಇಡಿಸಿಕೊಂಡೇ ಸೇವೆಗೆ ಸೇರಿದವು. ಕುಂಕುಮದಿಂದ ಕೆಟ್ಟ ವಸ್ತು ನಮ್ಮ ಮನೆಯ ಚರಿತ್ರೆಯಲ್ಲೇ ಇರಲಿಲ್ಲ.

ಇರಲಿಲ್ಲ ಎಂದಿದ್ದೇನೆ. ದಯವಿಟ್ಟು ಗಮನಿಸಬೇಕು.

ಅಡುಗೆ ಬಿಟ್ಟರೆ ನನಗೆ ಬರುವ ವಿದ್ಯೆ ಒಂದೇ, ಹಳೆಯ ಫೋಟೊಗಳನ್ನು ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಸರಿ ಮಾಡುವುದು. ಕಾಲೇಜಿಗೆ ಹೋಗುವ ಮಗಳು ಅನಘಾ ಹೇಳಿಕೊಟ್ಟದ್ದು. ಮಾವನವರ ಫೋಟೊದ ಹರಿದ ಮೂಲೆ ಹೊಲಿದೆ, ನಮ್ಮ ಮದುವೆಯ ಚಿತ್ರದಲ್ಲಿ ಇವರು ಮುಚ್ಚಿದ್ದ ಕಣ್ಣು ತೆರೆಸಿದೆ. ಸುದ್ದಿ ಕಟ್ಟಡದ ತುಂಬ ಹರಡಿತು. ಹಾಗಾಗಿ ಮೇಲಿನ ಮನೆಯ ಮಾಶಿಮಾ ಒಂದು ಬೆಳಿಗ್ಗೆ ಸೆರಗಿನಲ್ಲಿ ಫೋಟೊವೊಂದನ್ನು ಸುತ್ತಿಕೊಂಡು ಬಂದರು. ತಾಯಿಯ ತಂಗಿಯನ್ನು ಇಲ್ಲಿ ಹಾಗೆ ಕರೆಯುತ್ತಾರೆ. ಈ ಊರಿನಲ್ಲಿ ನನಗೆ ಚಿಕ್ಕಮ್ಮನ ಸ್ಥಾನದಲ್ಲಿ ಇದ್ದವರು ಅವರೇ.

ಅವರ ಯಜಮಾನರು, ಶಾಲೆಯ ಮೇಷ್ಟ್ರಾಗಿದ್ದವರು, ತೀರಿಕೊಂಡು ಇನ್ನೂ ಸೂತಕ ಕಳೆದಿರಲಿಲ್ಲ. ಭಾನುವಾರ ಶ್ರಾದ್ಧ. ಹೂವಿನ ಹಾರ ಹಾಕಿ ಇಡಲು ದೊಡ್ಡ ಫೋಟೊ ಬೇಕು. ಮೇಷ್ಟ್ರು ನಗುತ್ತಿರುವ ಫೋಟೊ ಇದ್ದದ್ದು ಅದೊಂದೇ, ಅದೂ ಮಳೆಗಾಲದಲ್ಲಿ ನೀರು ಕುಡಿದದ್ದು. ಕೆನ್ನೆಯ ಮೇಲೆ ಬೂಷ್ಟು, ಭುಜದ ಮೇಲೆ ನೀರಿನ ಗೆರೆ, ಜೇಬಿನ ಕೆಳಗೆ ಕಪ್ಪು ಕಲೆ. ಗರಿಯಾಹಾಟ್‌ನ ಸ್ಟುಡಿಯೊದವರು ಅದಾಗಲೇ ಒಂದು ಪ್ರಯತ್ನ ಮಾಡಿ, ಮೇಷ್ಟ್ರಿಗೆ ಹೊಸ ಮೂಗು ಕೊಟ್ಟು, ಹಿಂದೆ ನೀಲಿ ಆಕಾಶ ಹಾಸಿ ಕಳುಹಿಸಿದ್ದರಂತೆ. "ಆ ಯಾರೋ ಅಪರಿಚಿತನ ಮುಂದೆ ನಾನು ಅಳುವುದು ಹೇಗೆ?" ಎಂದು ಮಾಶಿಮಾ ಅರ್ಧ ಹಿಂದಿ ಅರ್ಧ ಬಂಗಾಳಿಯಲ್ಲಿ ಕೇಳಿದರು. ನಾನು ಅವರ ಕೈ ಹಿಡಿದು, ದೇವರಿದ್ದಾನೆ, ಕಂಪ್ಯೂಟರ್ ಇದೆ ಎಂದೆ.

ದೇವರು ಇದ್ದ. ಕಂಪ್ಯೂಟರ್ ಕೈಕೊಟ್ಟಿತು. ಫೋಟೊವನ್ನು ದೊಡ್ಡದು ಮಾಡಿ ಕೆನ್ನೆಯ ಬೂಷ್ಟಿಗೆ ಕೈ ಹಾಕಿದರೆ ಸಾಕು, ಪರದೆ ಸ್ತಬ್ಧ. ಕುಕ್ಕರ್ ಇಟ್ಟು, ಅನ್ನ ಬೆಂದು, ಸಾರಿಗೆ ಒಗ್ಗರಣೆ ಹಾಕಿ ಬಂದರೂ ಅದು ಅಲ್ಲೇ ಧ್ಯಾನದಲ್ಲಿ ಕೂತಿರುತ್ತಿತ್ತು. ಇವರು ಪರಿಶೀಲಿಸಿ, ಇದಕ್ಕೆ ಪ್ರೊಸೆಸರ್ ಬದಲಿಸುವುದೊಂದೇ ಮದ್ದು, ಅದು ಯಂತ್ರದ ಮಿದುಳು ಇದ್ದ ಹಾಗೆ ಎಂದು ತೀರ್ಪು ಕೊಟ್ಟರು. ಗುರುವಾರ ಸಂಜೆ ಎಸ್ಪ್ಲನೇಡ್ ಹತ್ತಿರದ ಕಂಪ್ಯೂಟರ್ ಅಂಗಡಿಯೊಂದರಿಂದ ಪುಟ್ಟ ಪೆಟ್ಟಿಗೆ ತಂದರು. ಅಂಗಡಿಯವರು ತಾವೇ ಕೂರಿಸಿಕೊಡುತ್ತೇವೆ ಎಂದರಂತೆ. ಇವರು ಒಪ್ಪಲಿಲ್ಲ.

"ಅದರಲ್ಲಿ ಎಂತ ಉಂಟು ಮಾರಾಯ್ತಿ? ನಾಲ್ಕು ಸ್ಕ್ರೂ. ನಾನು ವಿಡಿಯೊ ನೋಡಿದ್ದೇನೆ."

"ಪಪ್ಪ, ಪ್ಲೀಸ್, ಶಾಪಲ್ಲೇ ಮಾಡ್ಸಿ ನಾ," ಎಂದಳು ಅನಘಾ. ಮನೆಯಲ್ಲಿ ವಿವೇಕವುಳ್ಳವರ ಮಾತು ನಡೆಯುವುದಿಲ್ಲ.

ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ, ಇವರು ಏಳುವ ಮೊದಲೇ ನಾನು ಪೂಜೆಗೆ ಕೂತೆ. ಪೆಟ್ಟಿಗೆಗೆ ಕುಂಕುಮ ಹಚ್ಚಿದರೆ ಸಾಕಿತ್ತು. ಆದರೆ ನನ್ನ ಭಕ್ತಿ ಪೆಟ್ಟಿಗೆಯಷ್ಟಕ್ಕೇ ತೃಪ್ತಿಪಡುವಂಥದಲ್ಲ. ಮದುಮಗಳನ್ನು ಬಿಟ್ಟು ಅವಳ ಟ್ರಂಕಿಗೆ ಯಾರಾದರೂ ಕುಂಕುಮ ಇಡುತ್ತಾರೆಯೇ? ತೆರೆದೆ. ಬಿಸ್ಕತ್ತಿನಷ್ಟು ಅಗಲದ ಚೌಕ. ಒಂದು ಮುಖ ಬೂದು ಬಣ್ಣ, ಮೇಲೆ ಏನೋ ಬರೆದಿತ್ತು. ತಿರುಗಿಸಿದರೆ ಇನ್ನೊಂದು ಮುಖದಲ್ಲಿ ಸಾಲುಸಾಲಾಗಿ ಬಂಗಾರದ ಚುಕ್ಕಿಗಳು, ರಂಗೋಲಿಗೆ ಇಟ್ಟ ಹಾಗೆ. ಇದೇ ಇದರ ಮುಖ ಎನ್ನುವುದರಲ್ಲಿ ನನಗೆ ಅನುಮಾನವೇ ಬರಲಿಲ್ಲ. ತೇಯ್ದ ಗಂಧ ನಡುವೆ ಧಾರಾಳವಾಗಿ ಹಚ್ಚಿ, ಅದರ ಮೇಲೆ ಕುಂಕುಮ ಇಟ್ಟು, ಮೇಷ್ಟ್ರ ಕೆಲಸ ಚೆನ್ನಾಗಿ ಆಗಲಿ ಎಂದು ಕೃಷ್ಣನಿಗೆ ಕೈ ಮುಗಿದು, ಹಾಗೇ ಪೆಟ್ಟಿಗೆಯೊಳಗೆ ಮರಳಿ ಇಟ್ಟೆ.

ಇವರು ಬಂದು ಶಾಸ್ತ್ರೋಕ್ತವಾಗಿ ಕೆಲಸಕ್ಕೆ ತೊಡಗಿದರು. ಓದುವ ಕನ್ನಡಕ ಸಿಗಲಿಲ್ಲ. ಇಷ್ಟಕ್ಕೆಲ್ಲ ಕನ್ನಡಕ ಯಾಕೆ ಎಂದರು. ಹಳೆಯ ಪ್ರೊಸೆಸರ್ ತೆಗೆದು ಹೊಸದನ್ನು ಬಂಗಾರದ ಮುಖ ಕೆಳಗೆ ಮಾಡಿ ಕೂರಿಸಿದರು. ಬಿಸಿ ಎಳೆಯಲು ಮೇಲೆ ಬೂದು ಮುಲಾಮು ಹಚ್ಚಬೇಕಂತೆ. ದೋಸೆಗೆ ಬೆಣ್ಣೆ ಸವರಿದಂತೆ ಸವರಿದರು. ಉಳಿದದ್ದು ಅಂಗಿಯ ತೋಳಿಗೆ, ಗಲ್ಲಕ್ಕೆ, ನನ್ನ ಹೊಸ ಮೇಜುಬಟ್ಟೆಗೆ ಹಂಚಿಹೋಯಿತು. ಗುಂಡಿ ಒತ್ತಿದರು. ಫ್ಯಾನ್ ತಿರುಗಿತು. ಪರದೆ ಕಪ್ಪಗೇ ಉಳಿಯಿತು.

ಶಾಕ್ ಹೊಡೆಯಲಿಲ್ಲ, ಅದು ದೇವರ ದಯೆ.

ಬಿಚ್ಚಿ ಕೂರಿಸಿದರು, ಕೂರಿಸಿ ಬಿಚ್ಚಿದರು. ಕೊನೆಗೆ ಹಳೆಯದನ್ನೇ ಹಾಕುವ ಎಂದು ಹಾಕಿದರೆ ಅದೂ ಮೌನ! ಶುಕ್ರವಾರ ಮಧ್ಯಾಹ್ನವಾಗಿತ್ತು. ನಿಧಾನವಾದರೂ ನಡೆಯುತ್ತಿದ್ದ ಯಂತ್ರ ಈಗ ಇಲ್ಲ, ಅರ್ಧ ಸರಿ ಮಾಡಿದ ಮೇಷ್ಟ್ರು ಅದರ ಹೊಟ್ಟೆಯಲ್ಲಿ. ಮೆಟ್ಟಿಲಲ್ಲಿ ಸಿಕ್ಕ ಮಾಶಿಮಾ ನನ್ನ ಮುಖ ನೋಡಿ ಹೋದರು. ಕೇಳಿದ್ದರೆ ವಾಸಿಯಿತ್ತು.

ಇವರು ಕೊನೆಗೂ ಕನ್ನಡಕ ಹುಡುಕಿ ಹೊಸ ಪ್ರೊಸೆಸರನ್ನು ತಿರುಗಿಸಿ ನೋಡಿದರು. "ನೋಡು, ಕೆಂಪಗೆ ಸುಟ್ಟಿದೆ! ಬಳಸಿದ ಮಾಲು ಕೊಟ್ಟಿದ್ದಾನೆ." ನಾನು ಆಗ ಕಂಪ್ಯೂಟರಿಗೆ ಹೊದಿಸಲು ಹಳೆಯ ಸೀರೆ ಹುಡುಕುತ್ತಿದ್ದೆ. ನೋಡಲಿಲ್ಲ, ಹೌದಾ ಎಂದೆ ಅಷ್ಟೆ. ಕಂಪ್ಯೂಟರನ್ನು ಆ ಸೀರೆಯಲ್ಲಿ ಸುತ್ತಿ, ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಟ್ಯಾಕ್ಸಿಯಲ್ಲಿ ಹೊರಟೆವು.

ಅಂಗಡಿಯಲ್ಲಿ ಇವರು ಬ್ಯಾಂಕಿನ ಗತ್ತಿನಲ್ಲಿ ಗ್ರಾಹಕರ ಹಕ್ಕುಗಳ ಬಗ್ಗೆ ಹಿಂದಿಯಲ್ಲಿ ಒಂದು ಉಪನ್ಯಾಸವನ್ನೇ ಕೊಟ್ಟರು. ನಾಲ್ಕು ಜನ ಸೇರಿದರು. ಮಾಲೀಕ ಶಾಂತವಾಗಿ ಕೇಳಿ, ಸುಟ್ಟ ಗುರುತು ಎಲ್ಲಿ ಎಂದ. ಇವರು ಪ್ರೊಸೆಸರನ್ನು ಅವನ ಮೂಗಿನ ಹತ್ತಿರ ಹಿಡಿದು, ಸುಟ್ಟ ವಾಸನೆ ಈಗಲೂ ಬರುತ್ತಿದೆ, ಬೇಕಾದರೆ ಮೂಸಿ ನೋಡಿ ಎಂದರು. ಆತ ಮೂಸಿದ. ಹುಬ್ಬೇರಿಸಿದ. ಪಕ್ಕದವನಿಗೆ ಕೊಟ್ಟ. ಅವನೂ ಮೂಸಿದ.

ನನ್ನವರೆಗೂ ಬಂತು. ನನ್ನ ದೇವರ ಮನೆಯ ಪರಿಮಳ!

"ಇವರೇ," ಎಂದೆ ಮೆಲ್ಲಗೆ. "ಅದು ಸುಟ್ಟದ್ದಲ್ಲ. ಬೆಳಿಗ್ಗೆ ನಾನು ಇಟ್ಟ ಗಂಧ ಕುಂಕುಮ."

ಇವರು ನನ್ನನ್ನು ನೋಡಿದರು. ಮದುವೆಯಾದಾಗಿನಿಂದ ಅಂಥ ನೋಟ ನೋಡಿರಲಿಲ್ಲ. "ಅದಕ್ಕೆ ಬೇರೆ ಬದಿ ಇರಲಿಲ್ಲವಾ ಮಾರಾಯ್ತಿ?"

ಮಾಲೀಕನಿಗೆ ನಗು ತಡೆಯಲಾಗಲಿಲ್ಲ. ಆದರೂ ಒಳ್ಳೆಯ ಮನುಷ್ಯ. ವಿಶ್ವಕರ್ಮ ಪೂಜೆಗೆ ನಾವೂ ಯಂತ್ರಗಳಿಗೆ ಸಿಂಧೂರ ಹಚ್ಚುತ್ತೇವೆ, ಆದರೆ ಡಬ್ಬದ ಹೊರಗೆ, ಒಳಗೆ ದೇವರೇ ನೋಡಿಕೊಳ್ಳುತ್ತಾನೆ ಎಂದ. ಒಣಗಿದ ಗಂಧ ಪ್ರೊಸೆಸರಿನಿಂದ ಅದು ಕೂರುವ ಗೂಡಿಗೂ ಇಳಿದಿತ್ತಂತೆ. ಹಳೆಯದೂ ಮೌನ ತಾಳಿದ್ದು ಅದಕ್ಕೇ. ಬ್ರಷ್ಷು, ಸ್ಪಿರಿಟ್ಟು ಹಿಡಿದು ಕೂತು ಎಲ್ಲ ತೊಳೆದು, ಹೊಸದನ್ನೇ ಕೂರಿಸಿದ. ಪರದೆ ಬೆಳಗಿತು. ಇವರು ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ಬಂದರು. ಮನೆಯಲ್ಲಿ ಅನಘಾ, "ಅಮ್ಮಾ, ಗಂಧ, ಕುಂಕುಮ ಎಲ್ಲಾ ಆಯ್ತಲ್ಲ, ಪ್ರೊಸೆಸರ್‌ಗೆ ಶಾದಿ ಊಟ ಯಾವಾಗ?" ಎಂದಳು.

ಹೊಸ ಮಿದುಳಿನ ವೇಗ ಏನೆಂದು ಹೇಳಲಿ! ಮುಟ್ಟಿದ್ದೇ ತಡ, ಕಲೆ ಮಾಯ. ಶನಿವಾರ ಬೆಳಿಗ್ಗೆ ಉತ್ಸಾಹದಲ್ಲಿ ಬೂಷ್ಟು ತೆಗೆದೆ, ನೀರಿನ ಗೆರೆ ತೆಗೆದೆ, ಜೇಬಿನ ಕಪ್ಪು ಕಲೆ ತೆಗೆದೆ. ಅಂಗಿಗೆ ಇಸ್ತ್ರಿ ಕೂಡ ಮಾಡಿದೆ. ಮಾಶಿಮಾರನ್ನು ಕರೆದು ಹೆಮ್ಮೆಯಿಂದ ತೋರಿಸಿದೆ.

ಅವರು ಬಗ್ಗಿ ಹತ್ತಿರದಿಂದ ನೋಡಿದರು. ಮುಖ ಅವರದೇ, ನಗು ಅವರದೇ ಎಂದರು. ಆಮೇಲೆ ಪರದೆಯ ಮೇಲೆ ಜೇಬಿನ ಜಾಗಕ್ಕೆ ಬೆರಳಿಟ್ಟರು.

"ಪೆನ್ನಿನ ಶಾಯಿ ಅದು. ಪ್ರತಿ ಅಂಗಿಯಲ್ಲೂ ಸೋರುತ್ತಿತ್ತು. ಜೀವಮಾನವಿಡೀ ಒಗೆದೆ, ಬೈದೆ, ಹೋಗಲಿಲ್ಲ. ನೀನು ಹೇಗೆ ತೆಗೆದೆ ಮಾ?"

ಮೂಲ ಪ್ರತಿ ಇತ್ತು, ದೇವರು ದೊಡ್ಡವನು. ಅದರಿಂದ ಶಾಯಿಯ ಕಲೆಯನ್ನೂ, ಅಂಗಿಯ ಸುಕ್ಕುಗಳನ್ನೂ ಒಂದೊಂದಾಗಿ ಮರಳಿ ತಂದೆ. ಮಾಶಿಮಾ ಪಕ್ಕದಲ್ಲೇ ಕೂತು, ಇನ್ನೂ ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ ದೊಡ್ಡದು ಎಂದು ಹೇಳಿಕೊಟ್ಟರು. ಕಲೆ ಪೂರ್ತಿ ಬಂದ ಮೇಲೆ, ಅಷ್ಟು ದಿನ ಬಿಗಿಹಿಡಿದಿದ್ದ ಅಳು ಬಂತು ಅವರಿಗೆ. ನಾನು ಅವರ ಬೆನ್ನ ಮೇಲೆ ಕೈಯಿಟ್ಟು ಕೂತೆ. ಈ ಕೆಲಸಕ್ಕೆ ಹಳೆಯ ಪ್ರೊಸೆಸರೇ ಸಾಕಿತ್ತು.

ಭಾನುವಾರ ಬಿಳಿ ಹೂವಿನ ಹಾರದ ಒಳಗೆ ಮೇಷ್ಟ್ರು ಶಾಯಿಯ ಜೇಬಿನೊಂದಿಗೆ ನಗುತ್ತಿದ್ದರು. ಮಾಶಿಮಾರ ಅಣ್ಣ ಫೋಟೊದ ಮುಂದೆ ನಿಂತು ಮೆಚ್ಚಿ ತಲೆದೂಗಿ, ನಮ್ಮ ಕಡೆ ತಿರುಗಿದರು. ಆ ಸ್ಟುಡಿಯೊದವರ ಹಾಗೆ ಕಂಪ್ಯೂಟರಿಗೆ ಹಾಕಿ ಕೆಡಿಸಲಿಲ್ಲವಲ್ಲ, ಇದ್ದದ್ದನ್ನು ಇದ್ದ ಹಾಗೇ ಫ್ರೇಮ್ ಹಾಕಿಸಿದಿರಿ, ಅದೇ ಒಳ್ಳೆಯದಾಯಿತು ಎಂದರು.

ಇವರು ಏನೋ ಹೇಳಲು ಬಾಯಿ ತೆರೆದರು. ನಾನು ಅವರ ಕಾಲು ತುಳಿದೆ.