ಆಛೆ ಎಂದರೆ ಒಳಗೋ, ಆಚೆಯೋ?

ಪ್ರಶ್ನೆ ಕೇಳುವುದನ್ನೇ ಕಸುಬು ಮಾಡಿಕೊಂಡವರು ಉತ್ತರ ಕೇಳಿಸಿಕೊಳ್ಳುವಾಗ ಮೈಮರೆಯುತ್ತಾರೆ ಎಂಬುದು ನನ್ನ ಅನುಭವ. ವಿಶ್ವವಿದ್ಯಾಲಯದಲ್ಲಿ ಕುಲಪತಿಗಳಿಂದ ಹಿಡಿದು ಕ್ಯಾಂಟೀನಿನವರವರೆಗೆ ಎಲ್ಲರಿಂದಲೂ ಲಿಖಿತ ಸಮಜಾಯಿಷಿ ಕೇಳಿದ ನಾನು, ಕೋಲ್ಕತ್ತದ ಟಾಲಿಗಂಜಿನ ಕಾರ್ ಸರ್ವಿಸ್ ಸೆಂಟರಿನಲ್ಲಿ ಒಂದು ಲೋಟ ನಿಂಬೆ ಶರಬತ್ತಿಗೆ ಕರಗಿಹೋದೆ. ನನ್ನ ಪುಟ್ಟ ಕಾರಿನ ವಾರಂಟಿ ಮುಗಿಯುತ್ತಲಿತ್ತು. ಅದರ ಮುಂದಿನ ವರ್ಷಗಳಿಗೆಂದು ನಿರ್ವಹಣಾ ಪ್ಲಾನ್ ಮಾರಲು ಕೂತಿದ್ದ ಶುಭೋ ಎಂಬ ಯುವಕ, ಒಂದೊಂದು ಭಾಗದ ಚಿತ್ರದ ಮೇಲೂ ಬೆರಳಿಟ್ಟು ಬಂಗಾಳಿಯಲ್ಲಿ ಮಂತ್ರದಂತೆ ಪಠಿಸುತ್ತಿದ್ದ: “ಎಂಜಿನ್ ಆಛೆ, ಗೇರ್‌ಬಾಕ್ಸ್ ಆಛೆ, ಎಸಿ ಆಛೆ...”

ಮೈಸೂರಿನಿಂದ ಆಗಷ್ಟೇ ಬಂದಿದ್ದ ಅಮ್ಮ ನನ್ನ ಮೊಣಕೈ ತಿವಿದಳು. “ಎಲ್ಲಾನೂ ಆಚೆ, ಆಚೆ ಅಂತಿದಾನಲ್ಲೇ! ಒಳಗೇನಿದೆ ಅಂತ ಕೇಳು ಮೊದಲು.”

“ಅಯ್ಯೋ ಅಮ್ಮ, ಬಂಗಾಳೀಲಿ ಆಛೆ ಅಂದ್ರೆ ‘ಇದೆ’ ಅಂತ.”

“ಅವನ ಮುಖ ನೋಡಿದ್ರೆ ಹಾಗನ್ನಿಸಲ್ಲ.”

ಭಾಷಾಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವವಳು ನಾನು. ನಕ್ಕು ಸಹಿ ಹಾಕಿದೆ.

ಕೆಲವೇ ವಾರಗಳಲ್ಲಿ, ಸದರ್ನ್ ಅವೆನ್ಯೂವಿನ ಸುಡುವ ಮಧ್ಯಾಹ್ನದಲ್ಲಿ, ಎಸಿ ಬಿಸಿಗಾಳಿ ಊದತೊಡಗಿತು. ಪಕ್ಕದಲ್ಲಿ ಅಮ್ಮ ಸೆರಗಿನಿಂದ ಬೀಸಿಕೊಳ್ಳುತ್ತಿದ್ದರೆ ನನಗೆ ಒಳಗೊಳಗೇ ಸಂಭ್ರಮ. ಪ್ಲಾನು ತನ್ನ ಪರಾಕ್ರಮ ತೋರಿಸುವ ಗಳಿಗೆ ಬಂದಿತ್ತಲ್ಲ! ನೇರ ಟಾಲಿಗಂಜಿಗೆ ಗಾಡಿ ತಿರುಗಿಸಿದೆ.

“ಎಸಿ ಇದೆ, ದಿದಿ,” ಎಂದ ಶುಭೋ, ನನ್ನನ್ನು ಅಕ್ಕ ಮಾಡಿಕೊಂಡು. “ಗ್ಯಾಸು ಮಾತ್ರ ಖರ್ಚಾಗೋ ವಸ್ತು, ಅದಿಲ್ಲ. ಪೈಪು ರಬ್ಬರಿಂದು, ಅದೂ ಇಲ್ಲ. ಬೆಲ್ಟು ಸಹಜ ಸವೆತಕ್ಕೆ ಸೇರುತ್ತೆ.”

“ಹಾಗಾದರೆ ಎಸಿಯಲ್ಲಿ ಪ್ಲಾನಿಗೆ ಸೇರಿದ್ದೇನು?”

ಅವನು ಪ್ರಾಮಾಣಿಕವಾಗಿ ಯೋಚಿಸಿದ. “ಸ್ವಿಚ್ಚು, ದಿದಿ.”

ಅಮ್ಮ ನನ್ನತ್ತ ತಿರುಗಿ ನೋಡಿದಳು. ಆ ನೋಟವೇ ನನ್ನಲ್ಲಿ ಕಿಡಿ ಹೊತ್ತಿಸಿತು. ಸವೆತ ಸಹಜವೆಂದು ತೀರ್ಮಾನಿಸುವವರು ಯಾರು? ಮಾರುವಾಗ ಇಡೀ ಎಸಿ, ಕೆಟ್ಟಾಗ ಬರೀ ಸ್ವಿಚ್ಚೇ? ಹೊಣೆ ಯಾರದು? ಕೋಲ್ಕತ್ತದಲ್ಲಿ ಜಗಳ ಎಂದೂ ಒಬ್ಬರ ಸ್ವತ್ತಾಗಿ ಉಳಿಯುವುದಿಲ್ಲ. ತಮ್ಮ ಗಾಡಿಗಳಿಗಾಗಿ ಕಾಯುತ್ತಿದ್ದವರೆಲ್ಲ ಪತ್ರಿಕೆ ಮಡಿಸಿಟ್ಟು ಸುತ್ತ ನೆರೆದರು. “ದಿದಿ ನ್ಯಾಯ ಹೇಳುತ್ತಿದ್ದಾರೆ!” ಎಂದರು ಎಲ್ಲರೂ ದಾದಾ, ಅಂದರೆ ಅಣ್ಣ, ಎನ್ನುತ್ತಿದ್ದ ನರೆಗೂದಲಿನವರೊಬ್ಬರು. “ತಾತ್ವಿಕವಾಗಿ ನೋಡಿದರೆ ಮನುಷ್ಯನೇ ಒಂದು ಸಹಜ ಸವೆತ,” ಎಂದು ಇನ್ನೊಬ್ಬರು ಚರ್ಚೆಯನ್ನು ಹಿಗ್ಗಿಸಿದರು. ನಾನು ಷರತ್ತುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದೆ. ಪ್ರತಿಯೊಂದಕ್ಕೂ ಸಭೆ ಛೀಮಾರಿ ಹಾಕಿತು. ಕೊನೆಗೆ ಮ್ಯಾನೇಜರು ಹೊರಬಂದು, ತಂಪು ಕೋಣೆಯಲ್ಲೇ ಬೆವರೊರೆಸಿಕೊಳ್ಳುತ್ತ, ಎಲ್ಲವನ್ನೂ ಪುಕ್ಕಟೆಯಾಗಿ ಸರಿಪಡಿಸಲು ಆಜ್ಞೆಯಿತ್ತರು.

ಆದ್ದರಿಂದ, ಇಂಥ ಪ್ಲಾನು ಕೊಳ್ಳಬೇಕೇ ಎಂದು ಕೇಳುವವರಿಗೆ ನನ್ನ ಮರುಪ್ರಶ್ನೆ: ನಿಮ್ಮ ಗಂಟಲು ಹೇಗಿದೆ? ಅಲ್ಲಿ ಕೊಳ್ಳಲು ಸಿಗುವುದು ರಿಪೇರಿಯಲ್ಲ, ಜಗಳವಾಡುವ ಹಕ್ಕು. ಸಂಕೋಚಪಟ್ಟು ತೆಪ್ಪಗೆ ಮನೆಗೆ ಹೋದವರ ಪಾಲಿನ ಗ್ಯಾಸೇ ಅಂದು ನನ್ನ ಕಾರಿಗೆ ತುಂಬಿರಬೇಕು. ಇದನ್ನು ನ್ಯಾಯವೆನ್ನಲು ನನಗೇ ನಾಲಗೆ ಏಳುವುದಿಲ್ಲ.

ಹೊರಡುವಾಗ ಶುಭೋ ಓಡಿಬಂದ, ಮುಖವೆಲ್ಲ ನಗು. “ತುಂಬಾ ಉಪಕಾರವಾಯ್ತು, ದಿದಿ! ಆ ದಾದಾ ಮತ್ತೆ ಇನ್ನಿಬ್ಬರು ಈಗಷ್ಟೇ ಇದೇ ಪ್ಲಾನ್ ತಗೊಂಡ್ರು. ಗಾಡಿ ಕೆಟ್ಟ ದಿನ ದಿದಿಯನ್ನೂ ಕರೆಸ್ತೀರಾ ಅಂತ ಕೇಳಿದ್ರು.”

“ನೀನೇನಂದೆ?”

“ಖಂಡಿತ ಅಂದೆ.”

ಕೋಪ ಬರಬೇಕಿತ್ತು. ಲಿಖಿತ ಸಮಜಾಯಿಷಿಯನ್ನಾದರೂ ಕೇಳಬೇಕಿತ್ತು. ಆದರೆ ಕಿಟಕಿಯಿಂದ ತಲೆ ಹೊರಹಾಕಿ ನಾನು ಕೇಳಿದ್ದು ಇಷ್ಟೇ: “ಭಾನುವಾರವಾದರೆ ಆಗುತ್ತಾ?”