ಲಕ್ಷಣವಿಲ್ಲದ ಅತ್ಯಾ

ನಮ್ಮ ಅತ್ಯಾಳಿಗೆ ಒಂದು ದೊಡ್ಡ ಕಾಯಿಲೆ ಇದೆ. ಏನೆಂದರೆ, ಆಕೆಗೆ ಯಾವ ಕಾಯಿಲೆಯೂ ಬರುವುದಿಲ್ಲ! ನಗಬೇಡಿ, ಈ ದುಃಖವನ್ನು ಹೊತ್ತುಕೊಂಡೇ ಆಕೆ ಎಪ್ಪತ್ತು ದಾಟಿದ್ದಾಳೆ.

ಅತ್ಯಾ ಎಂದರೆ ನನ್ನ ಅಪ್ಪನ ತಂಗಿ. ಮದುವೆಯಾಗಲಿಲ್ಲ, ಧಾರವಾಡದಲ್ಲಿ ನಮ್ಮನ್ನೆಲ್ಲ ಎತ್ತಿ ಆಡಿಸಿ ದೊಡ್ಡವರನ್ನಾಗಿ ಮಾಡಿದವಳು. ಈಗ ಪುಣೆಯಲ್ಲಿ ನನ್ನ ಮತ್ತು ನನ್ನ ಗಂಡನ ಜೊತೆಗಿದ್ದಾಳೆ. ಯಾರಾದರೂ ಜ್ವರ ಬಂದು ಮಲಗಿದ್ದಾರೆಂದರೆ ಸಾಕು, ಮೆತ್ತಗಿನ ಅನ್ನದ ಡಬ್ಬಿ ಹಿಡಿದು ‘ಮಾತಾಡಿಸಿಕೊಂಡು’ ಬರಲು ಹೊರಡುತ್ತಾಳೆ. ನಮ್ಮ ಕಡೆ ಕಾಯಿಲೆಯವರನ್ನು ನೋಡುವುದಕ್ಕೆ ಹೋಗುವುದಿಲ್ಲ, ಮಾತಾಡಿಸುವುದಕ್ಕೆ ಹೋಗುತ್ತೇವೆ. ಪುಣೆಯ ಈ ತುದಿಯ ನಮ್ಮ ಕೋಥ್ರೂಡದಿಂದ ಆ ತುದಿಯ ಹಡಪಸರಕ್ಕೆ ಬಸ್ಸು ಬದಲಿಸಿ ಹೋಗಬೇಕಾದರೂ ಸರಿಯೇ. ಹೋಗಿ ಬಂದ ಮೇಲೆ ಮಾತ್ರ ಮುಖ ಸಣ್ಣದಾಗಿರುತ್ತದೆ.

“ಏನಾಗ್ಯದ ಅತ್ಯಾ ಅವರಿಗೆ? ಭಾಳ ಸೀರಿಯಸ್ಸಾ?”

“ಎಲ್ಲಿ ಸೀರಿಯಸ್ಸು! ಬರೇ ಪಿತ್ತ. ಅಷ್ಟಕ್ಕ ಮನಿ ತುಂಬ ಮಂದಿ. ಸೊಸಿ ಮೋಸಂಬಿ ಸುಲದು ಸುಲದು ಬಾಯಾಗ ಇಡ್ಲಿಕತ್ತಿದ್ಲು. ನಸೀಬ ಬೇಕವಾ, ನಸೀಬ!”

ಇನ್ನೊಬ್ಬರ ಪಿತ್ತ ನೋಡಿ ಹೊಟ್ಟೆಕಿಚ್ಚು ಪಡುವವರನ್ನು ನೀವು ಕಂಡಿದ್ದೀರಾ? ಇಲ್ಲವಾದರೆ ಒಮ್ಮೆ ನಮ್ಮ ಮನೆಗೆ ಬನ್ನಿ.

ಹೋದ ಮಳೆಗಾಲದಲ್ಲಿ ನನಗೆ ಡೆಂಗಿ ಬಂತು. ನಾನು ಎದ್ದು ಕೂಡುವಷ್ಟರಲ್ಲಿ ನನ್ನ ಗಂಡ ಮಲಗಿದರು. ಅತ್ಯಾ ಸೆರಗು ಬಿಗಿದು ನಿಂತಳು. ಪಪ್ಪಾಯಿ ಎಲೆಯ ರಸ ಒಳ್ಳೆಯದೆಂದು ಯಾರೋ ಅಂದದ್ದೇ ತಡ, ನಮ್ಮ ಸೊಸೈಟಿಯ ಗಿಡ ಬೋಳಾಯಿತು. ಡೆಂಗಿ ಬಂದದ್ದು ಇವರಿಗೋ ಗಿಡಕ್ಕೋ ಎಂದು ವಾಚ್‌ಮನ್ ಕೇಳಿದನಂತೆ! “ಅದೆಲ್ಲ ಬೇಡ, ನೀರು ಚೆನ್ನಾಗಿ ಕುಡಿಸಿ ಸಾಕು” ಎಂದರು ಡಾಕ್ಟರು. ಅತ್ಯಾ ನೀರನ್ನೂ ಕುಡಿಸಿದಳು, ರಸವನ್ನೂ ಬಿಡಲಿಲ್ಲ.

ಪ್ಲೇಟ್‌ಲೆಟ್ ಎಂಬ ಮಾತು ಆಕೆಯ ಬಾಯಲ್ಲಿ ಅರ್ಧಕ್ಕೇ ನಿಲ್ಲುತ್ತಿತ್ತು. ದಿನಾ ಲ್ಯಾಬಿಗೆ ಫೋನು ಹಚ್ಚಿ ಮರಾಠಿಯಲ್ಲಿ, ಇವತ್ತು ಎಷ್ಟು ‘ಪ್ಲೇಟು’ ಕಡಿಮೆ ಬಿದ್ದವು, ನಾಳೆಗಾದರೂ ಪೂರಾ ಬರುತ್ತವೋ ಇಲ್ಲವೋ ಎಂದು ಗದರಿಸುತ್ತಿದ್ದಳು. ಎದುರು ಮನೆಗೆ ಹೊಸದಾಗಿ ಬಂದವರು ಇದನ್ನು ಕೇಳಿಸಿಕೊಂಡು, ಇದು ಖಾನಾವಳಿಯೇ ಇರಬೇಕೆಂದು ತಮಗೂ ಊಟದ ಡಬ್ಬಿ ಹೇಳಲು ಬಂದರು!

ನಾವಿಬ್ಬರೂ ಚೇತರಿಸಿಕೊಂಡೆವು. ನಮ್ಮ ಡಾಕ್ಟರು ಮರಾಠಿ ಹೆಣ್ಣುಮಗಳು, ಕುತೂಹಲದ ಸ್ವಭಾವ. ಮನೆಯಲ್ಲಿ ಇಬ್ಬರನ್ನು ಕಚ್ಚಿದ ಸೊಳ್ಳೆ ಮೂರನೆಯವರನ್ನು ಬಿಟ್ಟೀತೆ ಎಂದು ಅತ್ಯಾಳ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ರಿಪೋರ್ಟು ಬಂದ ದಿನ ನಗುನಗುತ್ತ ಹೇಳಿದರು: “ಆಜೀಂನಾ ಡೆಂಗ್ಯೂ ಹೋವೂನ ಗೇಲಾ. ಪಣ ಲಕ್ಷಣಂ ಕಾಹೀಚ ನವ್ಹತೀ.”

ಅಜ್ಜಿಗೆ ಡೆಂಗಿ ಬಂದು ಹೋಗಿದೆ, ಆದರೆ ಜ್ವರ, ಮೈಕೈ ನೋವು, ಯಾವ ಲಕ್ಷಣವೂ ಕಾಣಿಸಲಿಲ್ಲ ಎಂದು ಇದರ ಅರ್ಥ. ಅತ್ಯಾ ಹಿಡಿದದ್ದು ಒಂದೇ ಮಾತನ್ನು. ಕುರ್ಚಿಯಿಂದ ಎದ್ದೇ ಬಿಟ್ಟಳು.

“ಲಕ್ಷಣ ಇಲ್ಲಂತ? ಕನ್ಯಾ ನೋಡ್ಲಿಕ್ಕೆ ಬಂದವರು ಆವಾಗ ಮಾರಿ ನೋಡಿ ಹಂಗಂದು ಹೋದ್ರು. ಈಕಿ ಈಗ ರಕ್ತಾ ನೋಡಿನೂ ಅದನ್ನs ಹೇಳ್ತಾಳಲ್ಲ!”

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅತ್ಯಾ ನಗಲಿಲ್ಲ. ಆಕೆಗೆ ಮದುವೆ ಏಕಾಗಲಿಲ್ಲ ಎಂದು ನಾವು ಯಾರೂ ಎಂದೂ ಕೇಳಿರಲಿಲ್ಲ.

ಡಾಕ್ಟರು ಪಾಪ, ಗಾಬರಿಯಿಂದ ಆಕೆಯನ್ನು ಕೂಡಿಸಿ ತಿಳಿಸಿ ಹೇಳಿದರು. ಜ್ವರ, ನೋವು ಎಂಬ ಗದ್ದಲದಲ್ಲಿ ಬಹುಪಾಲು ನಮ್ಮ ಮೈ ರೋಗದ ಜೊತೆ ಹೊಡೆದಾಡುವಾಗ ಮಾಡುವ ಗದ್ದಲವೇ ಅಂತೆ. ಕೆಲವರ ಮೈಯೊಳಗಿನ ಕಾವಲುಗಾರರು ಮಾತ್ರ ಕಳ್ಳನನ್ನು ಹಿಡಿದು, ಮನೆಮಂದಿಯ ನಿದ್ದೆ ಕೆಡಿಸದೆ ಕೆಲಸ ಮುಗಿಸಿಬಿಡುತ್ತಾರಂತೆ. ಅದು ಹೇಗೆಂದು ಬಲ್ಲವರು ಇನ್ನೂ ಹುಡುಕುತ್ತಿದ್ದಾರಂತೆ. ಕೊನೆಗೆ ನನ್ನ ಕಡೆ ತಿರುಗಿ, ಡೆಂಗಿಯಲ್ಲಿ ಬೇರೆ ಬೇರೆ ಜಾತಿಗಳಿವೆ, ಎರಡನೆಯ ಸಲ ಬೇರೆಯದು ಬಂದರೆ ಜೋರಾಗಬಹುದು, ಇವರಿಗೆ ಸ್ವಲ್ಪ ಮೈ ಬಿಸಿಯಾದರೂ ತಕ್ಷಣ ಹೇಳಬೇಕು ಎಂದರು.

ಹೇಳುವುದೇ? ಅತ್ಯಾ? ‘ನನಗೆ ಆರಾಮಿಲ್ಲ’ ಎಂಬ ಮಾತು ಆಕೆಯ ಬಾಯಲ್ಲಿ ಬಂದದ್ದನ್ನು ನಾನಂತೂ ಕೇಳಿಲ್ಲ. ನನಗೆ ನಿಜಕ್ಕೂ ಭಯವಾಯಿತು. ನಾನು ಮಲಗಿದ್ದಾಗ ವಾಂತಿ ಬಳಿದದ್ದು, ಸೀರೆ ಒಗೆದದ್ದು, ಎಲೆ ಅರೆದದ್ದು ಎಲ್ಲ ಆಕೆಯೇ. ಅದೇ ಹೊತ್ತಿಗೆ ಅದೇ ರೋಗ ಆಕೆಯ ಮೈಯಲ್ಲೂ ಓಡಾಡುತ್ತಿತ್ತು! ಆ ಕಾವಲುಗಾರರೂ ಆಕೆಯ ಕೈಯಲ್ಲೇ ಬೆಳೆದವರಲ್ಲವೇ, ಯಾರಿಗೂ ತ್ರಾಸು ಕೊಡಬಾರದೆಂದು ಕಲಿತಿರಬೇಕು.

ಮನೆಗೆ ಬಂದವಳೇ ಅತ್ಯಾ ಹುರುಪಿನಿಂದ ಧಾರವಾಡ, ಬೆಳಗಾವಿಗೆಲ್ಲ ಫೋನು ಹಚ್ಚಿದಳು. “ನನಗೂ ಡೆಂಗಿ ಆಗಿತ್ತs!”

“ಅಯ್ಯs, ಈಗ ಹೆಂಗಿದ್ದೀರಿ?”

“ಈಗೂ ಆರಾಮಿದ್ದೀನಿ, ಆವಾಗೂ ಆರಾಮಿದ್ದೆ.”

ಹೀಗೆಂದರೆ ಯಾರು ಬರುತ್ತಾರೆ ಹೇಳಿ? ಒಂದೆರಡು ದಿನ ಅತ್ಯಾ ಹೊರಗಿನ ಕೋಣೆಯ ದಿವಾನಕ್ಕೆ ಒಗೆದ ಚಾದರ ಹಾಸಿ ಕಾದಳು. ಯಾರೂ ಮಾತಾಡಿಸಲು ಬರಲಿಲ್ಲ. ಮೂರನೆಯ ದಿನ ತಾನೇ ಚಾದರ ತೆಗೆದು ಮಡಿಚಿಟ್ಟಳು.

ಮೊನ್ನೆ ಮಧ್ಯಾಹ್ನ ನಾನು ಚಪಾತಿ ಮಾಡುತ್ತಿದ್ದೆ. ಅತ್ಯಾ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತು ಸಣ್ಣ ದನಿಯಲ್ಲಿ, “ಸ್ವಲ್ಪ ಮೈ ಬಿಸಿ ಅನಸ್ಲಿಕತ್ತದ ನೋಡವಾ” ಎಂದಳು.

ಲಟ್ಟಣಿಗೆ ಬಿಟ್ಟು ಓಡಿ ಬಂದು ಆಕೆಯನ್ನು ಸ್ಟೂಲಿನ ಮೇಲೆ ಕೂಡಿಸಿ, ಹಿಟ್ಟಿನ ಕೈಯಲ್ಲೇ ಹಣೆ ಮುಟ್ಟಿದೆ. ತಣ್ಣಗಿತ್ತು. ಕುತ್ತಿಗೆ ಮುಟ್ಟಿದೆ, ಅದೂ ತಣ್ಣಗೆ. ಮತ್ತೆ ಹಣೆಯ ಮೇಲೆ ಕೈಯಿಟ್ಟೆ.

“ಜ್ವರ ಇಲ್ಲ ಅತ್ಯಾ.”

ಆಕೆ ಕಣ್ಣು ಮುಚ್ಚಿಕೊಂಡಿದ್ದಳು.

“ಗೊತ್ತದ,” ಎಂದಳು. “ಕೈ ತಗೀಬ್ಯಾಡ.”

ಹಂಚಿನ ಮೇಲಿನ ಚಪಾತಿ ಕರಕಾಯಿತು. ಆಗಲಿ ಬಿಡಿ.