ನಮ್ಮ ಕಿಲ್ಟ್ ಅಂಗಡಿಯ ಕೆಂಪು ಮುದ್ರೆ

ಮೈಸೂರಿನವನೊಬ್ಬ ಅಮೆರಿಕದ ಫೋರ್ಟ್ ಮಿಲ್‌ನಲ್ಲಿ ಸ್ಕಾಟ್ಲೆಂಡಿನ ಕಿಲ್ಟ್ ಮಾರಲು ಕೂತರೆ ವ್ಯಾಪಾರ ತಪ್ಪಿದರೂ ಪ್ರಸಂಗ ತಪ್ಪುವುದಿಲ್ಲ. ಕಿಲ್ಟ್ ಅಂದರೆ ಗಂಡಸರು ಸೊಂಟಕ್ಕೆ ಸುತ್ತಿಕೊಳ್ಳುವ ಚೌಕಳಿ ಉಣ್ಣೆಬಟ್ಟೆ, ನೆರಿಗೆ ಹಿಂದೆ. ಹಳೆಯ ಮಾಲೀಕರು ಅಂಗಡಿ ಬಿಟ್ಟುಕೊಡುವಾಗ ಹೇಳಿದ್ದು ಒಂದೇ ಮಾತು: "ತಪ್ಪು ಮಾಲು ಹೊರಗೆ ಹೋಗಬಾರದು." ನಾಲ್ಕು ವರ್ಷದಲ್ಲಿ ಹೋಗಿಲ್ಲ.

೧

ಕಿಲ್ಟ್ ಉಟ್ಟೇ ಬಂದ ಒಬ್ಬರು ನನ್ನನ್ನು ನೋಡಿ, "ಮಾಲೀಕರಿಲ್ಲವಾ?" ಅಂದರು.

"ನಾನೇ."

"ಅಲ್ಲ, ಸ್ಕಾಟಿಷ್ ಮಾಲೀಕರು?"

"ನಿಮ್ಮ ನೆರಿಗೆ ಮುಂದಿದೆ. ಹಿಂದುಮುಂದಾಗಿ ಉಟ್ಟಿದ್ದೀರಿ."

ಒಳಗೆ ಹೋಗಿ ಸರಿಮಾಡಿಕೊಂಡು ಬಂದು, "ಸ್ಕಾಟಿಷ್ ಮಾಲೀಕರು ಬೇಡ ಬಿಡಿ" ಅಂದರು.

೨

ನಮ್ಮ ಕನ್ನಡದ ಹುಡುಗ, ಸಾಫ್ಟ್‌ವೇರಿನವನು, ಆಫೀಸ್ ಪಾರ್ಟಿಗೆ ಅಂತ ಬಂದ. ಉಟ್ಟವನೇ ಅಭ್ಯಾಸಬಲದಿಂದ ಬಗ್ಗಿ, ಪಂಚೆಯ ಹಾಗೆ ಮೇಲೆತ್ತಿ ಕಟ್ಟಲು ಹೊರಟ.

"ಬಿಡು! ಅದು ಮಂಡಿ ಮಧ್ಯಕ್ಕೇ ನಿಲ್ಲಬೇಕು."

"ಪಾರ್ಟೀಲಿ ಬಿಸಿ ಗ್ರಿಲ್ ಹತ್ರ ಅಡುಗೆಗೆ ನಿಂತಾಗ್ಲೂ, ಅಂಕಲ್?"

"ಆಗಲೂ."

ಅವನ ಹೆಂಡತಿ ಒಳಗಿಣುಕಿ, "ಆಂಟಿ, ಇವರ ಜೊತೆ ಹೇಗೆ ಬದುಕ್ತೀರಾ?" ಅಂದಳು.

ಇಸ್ತ್ರಿ ಮಾಡುತ್ತಿದ್ದ ನನ್ನಾಕೆ ಅಲ್ಲಿಂದಲೇ ಅಂದಳು: "ಅಳತೆ ಪ್ರಕಾರ!"

೩

ಊರಿನ ಬ್ಯಾಗ್‌ಪೈಪ್ ವಾದ್ಯತಂಡದ ಮುಖ್ಯಸ್ಥರು ಹೋದ ವರ್ಷ ಪರೀಕ್ಷೆಗೆಂದು ಒಂದೇ ಕಿಲ್ಟ್ ಹೊಲಿಸಿದ್ದರು. ಈ ವರ್ಷ ಹನ್ನೆರಡು. ಒಪ್ಪಿಗೆಯಾದರೆ ತಂಡ ಕಾಯಂ ನಮ್ಮದು.

ಕೊಡುವ ಹಿಂದಿನ ದಿನ ನೋಡುತ್ತೇನೆ, ನನ್ನಾಕೆ ಒಂದು ಕಿಲ್ಟಿನ ಸೊಂಟಪಟ್ಟಿಯ ಒಳಗೆ ಒದ್ದೆ ಕುಂಕುಮ ಹಚ್ಚುತ್ತಿದ್ದಾಳೆ!

"ಏನೇ ಇದು?"

"ಹೊಸ ಬಟ್ಟೆ ರೀ, ಹಾಗೇ ಉಡೋದಾ? ಎಲ್ಲದಕ್ಕೂ ಇಟ್ಟೇ ಕಳಿಸಿದ್ದೀನಿ."

ನಾಲ್ಕು ವರ್ಷ! ಪ್ರತಿ ಕಿಲ್ಟೂ ಕಲೆಯ ಮಾಲು! ಆ ಬೊಟ್ಟನ್ನು ನಾನೇ ಉಜ್ಜಿ ತೆಗೆದು, ಹನ್ನೆರಡನ್ನೂ ಶುಭ್ರವಾಗಿ ಕಳಿಸಿದೆ.

ಮರುದಿನ ಮುಖ್ಯಸ್ಥರು ಪೆಟ್ಟಿಗೆ ವಾಪಸ್ ತಂದರು. ತಮ್ಮ ಹೋದ ವರ್ಷದ ಕಿಲ್ಟಿನ ಸೊಂಟಪಟ್ಟಿ ಮಡಚಿ ತೋರಿಸಿದರು. "ಇದು ನಿಮ್ಮ ಅಂಗಡಿಯ ಕೆಂಪು ಮುದ್ರೆ. ಈ ಹನ್ನೆರಡರಲ್ಲಿ ಒಂದಕ್ಕೂ ಇಲ್ಲ. ನಕಲಿ ಮಾಲು ನಮಗೆ ಬೇಡ."

ನನಗೆ ನಕಲಿ ಮಾಲಿನ ಆರೋಪ! ಆದರೂ ಸುಳ್ಳು ಹೇಳಲಾರೆ. "ಅದು ಮುದ್ರೆಯಲ್ಲ. ಉಡುವವರಿಗೆ ಒಳ್ಳೆಯದಾಗಲಿ ಅಂತ ನನ್ನ ಹೆಂಡತಿ ಇಡುವ ಬೊಟ್ಟು."

"ಪ್ರತಿಯೊಂದಕ್ಕೂ, ಕೈಯಾರೆ?"

"ಹೌದು."

ಅವರು ಕುರ್ಚಿ ಎಳೆದುಕೊಂಡು ಕೂತರು. "ಹಾಗಾದರೆ ಕಾಯ್ತೀನಿ."

ನನ್ನಾಕೆ ಕುಂಕುಮದ ಭರಣಿ ತಂದಳು. ಒಂದೊಂದಕ್ಕೂ ಬೊಟ್ಟಿಡುತ್ತಾ ಹೋಗಿ, ಕೊನೆಯದನ್ನು ನನ್ನ ಮುಂದೆ ಹಿಡಿದಳು.

"ರೀ, ಇದು ಒಂಚೂರು ದೊಡ್ಡದಾಯ್ತು. ರಿಜೆಕ್ಟಾ?"